ವಿಲಿಮೈನಾ ಮನೆ ಹೊರಿಸಿದ್ದು

ನಂದೋಂಗೊದಲ್ಲಿ ಯಾರನ್ನಾದರೂ ವಿಲಿಮೈನಾಳ ಮನೆ ಎಲ್ಲಿ ಎಂದು ಕೇಳಿ ನೋಡಿ. "ಮೊದ್ಲಿದ್ದ ಜಾಗಾನೋ, ಈಗಿರೋ ಜಾಗಾನೋ?" ಎಂದು ತಿರುಗಿ ಕೇಳುತ್ತಾರೆ. ಮನೆ ಒಂದೇ. ಅದೇ ತಗಡಿನ ಚಾವಣಿ, ಅದೇ ನೀಲಿ ಕಿಟಕಿ. ಅದು ಅಲ್ಲಿಂದ ಇಲ್ಲಿಗೆ ಬಂದ ದಿನ ನಾನೂ ಅದಕ್ಕೆ ಹೆಗಲು ಕೊಟ್ಟಿದ್ದೆ. ಫಿಜಿಯ ಸುವಾ ನಗರದಲ್ಲಿ ಟ್ಯಾಕ್ಸಿ ಓಡಿಸುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ, ಅಂಥ ಇನ್ನೊಂದು ದಿನವನ್ನು ಕಂಡಿಲ್ಲ.

ವಿಲಿಮೈನಾ ಕಂದಾವು ದ್ವೀಪದವಳು. ಹರೆಯದಲ್ಲಿ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಹಡಗು ಹತ್ತಿದವಳು ಸುವಾದಲ್ಲೇ ಉಳಿದಳು. ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳ ಕಾಲರು ಹೊಲಿದಳು. ಬಂದರಿನಲ್ಲಿ ಮೂಟೆ ಇಳಿಸುವ ಸೈರುಸಿಯನ್ನು ಮದುವೆಯಾದಳು. ಕಾರ್ಖಾನೆ ಮುಚ್ಚಿದ ಮೇಲೆ ಪೇಟೆಯಲ್ಲಿ ಕೆಸುವಿನ ಸೊಪ್ಪು, ತೆಂಗಿನಕಾಯಿ ಮಾರಿದಳು. ಆದರೆ ಅವಳನ್ನು ಊರು ಗುರುತಿಸುತ್ತಿದ್ದದ್ದು ಗಂಟಲಿನಿಂದ. ಚರ್ಚಿನ ಹಾಡಿನ ಮೇಳಕ್ಕೆ ಅವಳೇ ಯಜಮಾನಿ. ನಾನು ಇಲ್ಲಿನ ಭಾರತೀಯರ ರಾಮಾಯಣ ಮಂಡಳಿಯವನು, ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಭಾನುವಾರ ಬೆಳಿಗ್ಗೆ ಅವಳ ಮೇಳ ದನಿ ಎತ್ತಿತೆಂದರೆ ನನ್ನ ಚಹಾ ಆರಿ ತಣ್ಣಗಾಗುತ್ತಿತ್ತು. ಸುವಾದ ಬೀದಿಗಳಲ್ಲಿ ಮೈನಾ ಹಕ್ಕಿಗಳಿಗೆ ಬರವಿಲ್ಲವಲ್ಲ, ಅವಳ ಬಾಯಿಗೂ ಹೆಸರಿಗೂ ಸರಿಹೊಂದುತ್ತದೆಂದು ಎಲ್ಲರೂ ಅವಳನ್ನು ಮೈನಾ ಎಂದೇ ಕರೆಯುತ್ತಿದ್ದರು.

ನಂದೋಂಗೊ ಎಂದರೆ ಸಮುದ್ರದ ಹಿನ್ನೀರಿನ ಅಂಚಿನಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ಸರಿಸಿಕೊಂಡು ತಾನಾಗಿಯೇ ಬೆಳೆದ ಬಡಾವಣೆ. ಮನೆಗೆ ಮನೆ ಅಂಟಿಕೊಂಡಿದೆ. ನಡುವೆ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದ ಓಣಿ. ಒಂದು ಮಧ್ಯಾಹ್ನ ಒಂದು ಮನೆಯ ಸೀಮೆಎಣ್ಣೆ ಒಲೆ ಉರುಳಿ ಬೆಂಕಿ ಎದ್ದಿತು. ಅಗ್ನಿಶಾಮಕ ದಳದ ಗಾಡಿ ಗಂಟೆ ಬಾರಿಸುತ್ತ ಬೇಗನೇ ಬಂತು. ಆದರೆ ದೊಡ್ಡ ರಸ್ತೆಯಲ್ಲೇ ನಿಂತಿತು, ಒಳಗೆ ಬರಲು ದಾರಿಯಿರಲಿಲ್ಲ. ಕೊಳವೆ ಅರ್ಧ ದಾರಿಗೂ ಎಟುಕಲಿಲ್ಲ. ನಾವು ಬಕೆಟ್ಟುಗಳಲ್ಲಿ ಹಿನ್ನೀರು ಸುರಿದು ಆರಿಸುವಷ್ಟರಲ್ಲಿ ಮೂರು ಮನೆ ಬೂದಿಯಾಗಿದ್ದವು. ಜೀವ ಹೋಗಲಿಲ್ಲ, ದೇವರು ದೊಡ್ಡವನು.

ಅದಾದ ಮೇಲೆಯೇ ನಗರಸಭೆ ಎಚ್ಚೆತ್ತದ್ದು. ಊರಿಗೆಲ್ಲ ನಕ್ಷೆ ಇತ್ತು, ನಮ್ಮ ಓಣಿಗಳಿಗೆ ಇರಲಿಲ್ಲ. ಬರೆಯಲು ಅವರಲ್ಲಿ ಜನವೂ ಸಾಲದು. ಹಾಗಾಗಿ ವಿಶ್ವವಿದ್ಯಾಲಯದವರ ಜೊತೆ ಮಾತಾಡಿದರು, ಚರ್ಚಿನವರ ಜೊತೆಗೂ ಮಾತಾಡಿದರು. ವಿಶ್ವವಿದ್ಯಾಲಯದವರು ಅಳೆದು ನಕ್ಷೆ ಮಾಡಬೇಕು, ನಗರಸಭೆ ದಾರಿ ಕಟ್ಟಬೇಕು, ಚರ್ಚು ಸಭೆಗಳಿಗೆ ಜಾಗ ಕೊಡಬೇಕು ಎಂದಾಯಿತು. ಇವರೆಲ್ಲರನ್ನೂ ನಮ್ಮ ಜಗಲಿಗಳವರೆಗೆ ಕರೆತರಲು ಒಬ್ಬರು ಬೇಕಿತ್ತು.

ಆ ಒಬ್ಬರನ್ನು ಹುಡುಕಿದವನು ಇನೋಸಿ. ನಗರಸಭೆಯ ಯೋಜನಾ ಶಾಖೆಯ ಅಧಿಕಾರಿ, ವಿಲಿಮೈನಾಳಿಗೆ ಸೋದರಮಾವನ ಮಗ. ನಮ್ಮ ಫಿಜಿಯಲ್ಲಿ ಅತ್ತೆ-ಮಾವನ ಮಕ್ಕಳು ಎದುರುಬದುರಾದರೆ ಒಬ್ಬರ ಕಾಲನ್ನೊಬ್ಬರು ಎಳೆಯದೆ ಬಿಡುವುದಿಲ್ಲ, ಸುಮ್ಮನೆ ಹೋದರೆ ಜಗಳವಾಗಿದೆ ಎಂದೇ ಲೆಕ್ಕ. ಅವನು ಪೇಟೆಗೆ ಬಂದು ಅವಳ ಸೊಪ್ಪಿನ ಕಟ್ಟುಗಳ ಮುಂದೆ ನಿಂತ.

"ಮೈನಾ, ನಿನ್ನ ಗಂಟಲಿಗೆ ಕೊನೆಗೂ ಒಂದು ಕೆಲಸ ಸಿಕ್ತು ಕಣೆ."

"ನಿನ್ನ ಹೊಟ್ಟೆಗೆ ನಗರಸಭೇಲಿ ಸಿಕ್ಕಿದೆಯಲ್ಲ ಭಾವ, ಅಂಥದ್ದೇನಾ? ಕೂತು ಬೆಳಸೋದು?"

"ನಡೆಯೋ ಕೆಲಸ. ಮನೆಮನೆ ಬಾಗಿಲು ತಟ್ಟಬೇಕು. ಬೈಸ್ಕೋಬೇಕು."

"ಬೈಯೋದೂ ನನ್ನ ಪಾಲಿಗೆ ಬರುತ್ತಾ?"

"ಅದನ್ನ ಯಾರಿಂದ ತಡೆಯೋಕಾಗುತ್ತೆ?"

ಅವಳು ಉಳಿದ ಸೊಪ್ಪನ್ನು ಪಕ್ಕದವಳಿಗೆ ಒಪ್ಪಿಸಿ ಅಲ್ಲಿಂದಲೇ ಎದ್ದಳು. ಅವಳ ಸ್ವಭಾವವೇ ಹಾಗೆ. ಒಪ್ಪಿದ ಮೇಲೆ ಸಂಜೆಯವರೆಗೆ ಕಾಯುವ ಹೆಂಗಸಲ್ಲ.

ವಿಶ್ವವಿದ್ಯಾಲಯದಿಂದ ಬಂದವಳು ಲೂಪೆ ಎಂಬ ಟೋಂಗಾ ದೇಶದ ಎಂಜಿನಿಯರು. ಎತ್ತರದ ಆಳು, ಮಾತು ಕಡಿಮೆ, ನಕ್ಕರೆ ಮಾತ್ರ ಓಣಿಯ ಆ ತುದಿಗೆ ಕೇಳಬೇಕು. ಅವಳ ಹಿಂದೆ ಹತ್ತಾರು ದ್ವೀಪಗಳಿಂದ ಬಂದ ವಿದ್ಯಾರ್ಥಿಗಳು. ಅವರು ಟೇಪು ಹಿಡಿದು ಅಳೆಯುತ್ತಿದ್ದರು, ವಿಲಿಮೈನಾ ಮುಂದೆ ಮುಂದೆ ಓಡುತ್ತ ಬಾಗಿಲು ತೆರೆಸುತ್ತಿದ್ದಳು. ಮೊದಲ ವಾರ ಜನ ಅನುಮಾನಪಟ್ಟರು. ಅಳೆದವರೆಲ್ಲ ಒಂದು ದಿನ ಎಬ್ಬಿಸುತ್ತಾರೆ ಎಂಬ ಭಯ ಇದ್ದದ್ದೇ. ಎಪರಾಮ ಎಂಬ ಮುದುಕ, ನಿವೃತ್ತ ಪೊಲೀಸು, ತನ್ನ ಮರಗೆಣಸಿನ ಪಾತಿಯೊಳಗೆ ಟೇಪು ಇಳಿಸಲೇ ಬಿಡಲಿಲ್ಲ.

"ಇವತ್ತು ಟೇಪು, ನಾಳೆ ಬುಲ್‌ಡೋಜರು. ನಾನು ನೋಡಿದ್ದೀನಿ ಹೋಗಮ್ಮ."

"ತಾತ, ಬುಲ್‌ಡೋಜರ್ ಬಂದ್ರೆ ಅದರ ಮುಂದೆ ಮಲಗೋಕೆ ನಾನೇ ಮೊದಲು ಬರ್ತೀನಿ. ಆದ್ರೆ ಬೆಂಕಿ ಬಂದ್ರೆ ಅದರ ಮುಂದೆ ಮಲಗೋಕಾಗಲ್ಲ."

ಮುದುಕ ಟೇಪಿನ ತುದಿ ತಾನೇ ಹಿಡಿದುಕೊಂಡ. "ನನ್ನ ಗೆಡ್ಡೆ ಮೇಲೆ ಕಾಲಿಟ್ಟೀರಿ, ಜೋಕೆ," ಎಂದು ಗೊಣಗುತ್ತಲೇ ಇದ್ದ.

ಆ ತಿಂಗಳುಗಳಲ್ಲಿ ವಿಲಿಮೈನಾ ಕುಣಿಯುವ ಕುದುರೆಯಂತಾಗಿದ್ದಳು. ಬೆಳಿಗ್ಗೆ ನಾನು ಟ್ಯಾಕ್ಸಿ ತೊಳೆಯುತ್ತಿದ್ದರೆ ಬಂದು ನಿಲ್ಲುವಳು. "ಶಿವ್, ಇಲ್ಲೊಂದು ದೀಪದ ಕಂಬ ಬರುತ್ತೆ ಗೊತ್ತಾ? ನಿನ್ನ ಹೆಂಡ್ತಿ ಕತ್ತಲಲ್ಲಿ ಎಡವಲ್ಲ ಇನ್ಮೇಲೆ." ಮರುದಿನ ನಕ್ಷೆಯಲ್ಲಿ ಕಂಬ ಅಲ್ಲಿಂದ ಎದ್ದು ಬೇರೆ ಕಡೆ ಹೋಗಿರುತ್ತಿತ್ತು. ಅದನ್ನೂ ಅಷ್ಟೇ ಹಿಗ್ಗಿನಿಂದ ಹೇಳುವಳು. ಬರೆದ ಗೆರೆಯನ್ನು ಕೂತು ಮಾತಾಡಿ ಸರಿಸಬಹುದು ಎಂಬುದು ಅವಳಿಗೆ ದೊಡ್ಡ ಸೋಜಿಗ. ನಾವು ಅದುವರೆಗೆ ಕಂಡ ಗೆರೆಗಳೆಲ್ಲ ಬೇರೆಯವರು ಎಳೆದು ಮುಗಿಸಿದವು.

ಆದರೂ ಕಾಗದ ನೋಡಿ ದಾರಿ ಕಾಣುವ ಕಣ್ಣು ಎಲ್ಲರಿಗೂ ಇಲ್ಲ. ಅದಕ್ಕೆ ಲೂಪೆಯೇ ಒಂದು ಉಪಾಯ ಹೇಳಿದಳು. ಬರುವ ರಸ್ತೆಯ ಎರಡು ಅಂಚುಗಳನ್ನು ಹಗ್ಗದಿಂದ ನೆಲದ ಮೇಲೇ ಹಾಸಿ ತೋರಿಸೋಣ, ಜನ ಅದರೊಳಗೆ ನಡೆದು ನೋಡಲಿ. ಒಂದು ಶನಿವಾರ ಊರಿಗೆ ಊರೇ ಸೇರಿತು. ವಿಲಿಮೈನಾ ಹಗ್ಗದ ತುದಿ ಹಿಡಿದು ಮುಂದೆ, ಹಿಂದಿನಿಂದ ವಿದ್ಯಾರ್ಥಿಗಳು ನಕ್ಷೆ ನೋಡುತ್ತ "ಇನ್ನೂ ಮುಂದೆ, ಸ್ವಲ್ಪ ಎಡಕ್ಕೆ" ಎನ್ನುತ್ತ ಬಂದರು. ದೊಡ್ಡ ರಸ್ತೆಯಿಂದ ಹೊರಟ ಹಗ್ಗ ಸುಟ್ಟ ಮನೆಗಳ ಜಾಗ ದಾಟಿತು, ಎಪರಾಮನ ಪಾತಿಯನ್ನು ಒಂದಿಷ್ಟೇ ಸವರಿಕೊಂಡು ತಿರುಗಿತು, ನೆಟ್ಟಗೆ ಹೋಗಿ ಒಂದು ಮನೆಯ ಮೆಟ್ಟಿಲಿಗೆ ಬಡಿಯಿತು.

ಅದು ಅವಳದೇ ಮನೆ. ಸೈರುಸಿ ಮೆಟ್ಟಿಲ ಮೇಲೆ ಕೂತು ಮರಗೆಣಸು ಸುಲಿಯುತ್ತಿದ್ದ.

ಲೂಪೆ ಹತ್ತಿರ ಬಂದಳು. ಹಿಂದಿನ ಸಂಜೆಯಷ್ಟೇ ಕೊನೆಯ ಲೆಕ್ಕ ಮುಗಿದಿತ್ತು. ವಿಲಿಮೈನಾಳಿಗೆ ಮೊದಲೇ ಹೇಳೋಣವೆಂದು ಬೆಳಿಗ್ಗೆ ಹುಡುಕಿದರೆ ಇವಳು ಆಗಲೇ ಹಗ್ಗ ಹಿಡಿದು ಹೊರಟಾಗಿತ್ತು. "ಮೈನಾ, ಬೇರೆ ಮೂರು ಕಡೆ ಎಳೆದು ನೋಡಿದೆ," ಎಂದಳು ಮೆಲ್ಲಗೆ. "ಅಲ್ಲೆಲ್ಲ ಆರೇಳು ಮನೆ ಹೋಗುತ್ತೆ. ಇಲ್ಲಿ ಒಂದೇ."

ಎಪರಾಮ ಬಾಯಿ ಬಿಟ್ಟ. "ಈಗ ನೋಡ್ರಪ್ಪ. ನಮ್ಮ ಪಾತೀನ ಬಿಡದ ಹಗ್ಗ ಇಲ್ಲಿ ಹೆಂಗೆ ಹಾವಿನ ಥರ ಬಳುಕುತ್ತೆ ಅಂತ."

ವಿಲಿಮೈನಾಳ ಮುಖ ಕೆಂಪಾಯಿತು. ಅವಳು ಗಂಡನ ಕಡೆ ನೋಡಲಿಲ್ಲ. ಬಗ್ಗಿ, ಕಂಬಗಳ ಮೇಲೆ ನಿಂತಿದ್ದ ಆ ಮನೆಯ ಅಡಿಗೆ ಹಗ್ಗದ ಸಮೇತ ತೂರಿಕೊಂಡಳು. ಕೋಳಿಗಳು ಕಿರುಚುತ್ತ ಚದುರಿದವು. ಆ ಕಡೆಯಿಂದ ಎದ್ದು ಬಂದಾಗ ಕೂದಲ ತುಂಬ ಜೇಡರ ಬಲೆ, ಕೈಯಲ್ಲಿ ಹಗ್ಗ. "ನೆಟ್ಟಗೇ ಇದೆಯಾ ನೋಡು ತಾತ," ಎಂದಳು.

ಯಾರೋ ಚಪ್ಪಾಳೆ ತಟ್ಟಿದರು. ಸೈರುಸಿ ಚಾಕು ಕೆಳಗಿಟ್ಟು ಎದ್ದುನಿಂತ. ಗಟ್ಟಿ ಆಳು ಅವನು, ಅವನು ಎದ್ದರೆ ಮೆಟ್ಟಿಲೂ ಎದ್ದಂತೆ. ಬಂದರಿನಲ್ಲಿ ಬಿಸಾಡಿದ ಹಲಗೆಗಳನ್ನು ವರ್ಷಗಟ್ಟಲೆ ಹೆಗಲ ಮೇಲೆ ತಂದು, ತಾನೇ ಉಜ್ಜಿ, ತಾನೇ ಜೋಡಿಸಿ ಕಟ್ಟಿದ ಮನೆ ಅದು.

"ಕೇಳಿ ಎಲ್ರೂ," ಎಂದ. "ಇದರ ಒಂದು ಮೊಳೆ ಕೀಳೋಕೂ ನಾನು ಬಿಡಲ್ಲ. ದಾರಿ ಅಷ್ಟು ಬೇಕಾದ್ರೆ ಮನೇನ ಹಿಂಗೇ ಇಡಿಯಾಗಿ ಎತ್ಕೊಂಡು ಹೋಗಿ."

ಗುಂಪಿನಲ್ಲಿ ನಗು ಹಬ್ಬಿತು. ಲೂಪೆ ಮಾತ್ರ ನಗಲಿಲ್ಲ. ಮಂಡಿಯೂರಿ ಮನೆಯ ಅಡಿಗೆ ಇಣುಕಿದಳು. ತೊಲೆಗಳನ್ನು ಬೆರಳ ಗಿಣ್ಣಿನಿಂದ ತಟ್ಟಿದಳು, ಕಂಬಕ್ಕೂ ತೊಲೆಗೂ ಕೂಡಿಸಿದ ಜಾಗಕ್ಕೆ ಟಾರ್ಚು ಬಿಟ್ಟಳು. ಎದ್ದು ಮೊಣಕಾಲಿನ ಮಣ್ಣು ಒರೆಸಿಕೊಂಡು, "ಎತ್ತಬಹುದು," ಎಂದಳು.

"ಏನು ಎತ್ತಬಹುದು?" ಎಂದ ಇನೋಸಿ.

"ಮನೆ. ಇವರು ಹೇಳಿದ ಹಾಗೇ. ಕಟ್ಟಿದವರು ಗಟ್ಟಿಯಾಗಿ ಕಟ್ಟಿದ್ದಾರೆ. ಅಡಿಗೆ ಬಿದಿರು ಕೊಟ್ಟು, ಇನ್ನೂರು ಜನ ಸೇರಿದ್ರೆ ಆಗುತ್ತೆ."

ಸೈರುಸಿ ಸಿಟ್ಟಿಗೆ ಆಡಿದ ಮಾತು ಅದು, ಆದರೆ ಇಡೀ ಊರಿನ ಮುಂದೆ ಆಡಿದ್ದು. ವಿಲಿಮೈನಾ ಓಡಿ ಬಂದು ಅವನ ಎರಡೂ ಕೈ ಹಿಡಿದಳು. ದಂಪತಿಗಳು ಹೆಸರು ಹಿಡಿದು ಕೂಗುವ ಪದ್ಧತಿ ಅವರಲ್ಲೂ ಇಲ್ಲ, ಮಗಳ ಹೆಸರಿನಿಂದಲೇ ಕರೆಯುವುದು. "ಸಾಲೋತೆ ಅಪ್ಪಾ, ಕೇಳಿಸ್ತಾ? ಒಂದು ಮೊಳೆ ಕೀಳಲ್ವಂತೆ."

"ಬೀಳಿಸಿದ್ರೆ?" ಎಂದ ಅವನು.

"ಬೀಳದ ಹಾಗೆ ಕಟ್ಟೋನು ಯಾರಿದ್ದಾನೆ ನಿನ್ನ ಬಿಟ್ಟು?"

ಅವನು ತಲೆ ಕೆರೆದುಕೊಂಡ. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮರುದಿನ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಬಿದಿರನ್ನು ಹೇಗೆ ಬಿಗಿಯಬೇಕೆಂದು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದವನು ಅವನೇ.

ಆಮೇಲೆ ಊರಿಗೆ ಹಬ್ಬ ಹಿಡಿಯಿತು. ಚರ್ಚಿನವರು ವಿಲಿಮೈನಾಳ ಮನೆಯ ಹಿಂಬದಿಗೇ ಇದ್ದ ತಮ್ಮ ಮೈದಾನದ ಆಚೆಯ, ಎತ್ತರದ ಒಂದು ಮೂಲೆ ಬಿಟ್ಟುಕೊಟ್ಟರು. ನಗರಸಭೆ ಅಲ್ಲಿ ಹೊಸ ಕಂಬಗಳನ್ನು ಹೂಳಿಸಿತು. ಲೂಪೆಯ ವಿದ್ಯಾರ್ಥಿಗಳು ಬೆಂಕಿಕಡ್ಡಿಯಲ್ಲಿ ಪುಟ್ಟ ಮನೆ ಮಾಡಿ, ಎಲ್ಲಿ ಬಿದಿರು ಕೊಟ್ಟರೆ ಬಳುಕುತ್ತದೆ, ಎಲ್ಲಿ ಕೊಟ್ಟರೆ ನಿಲ್ಲುತ್ತದೆ ಎಂದು ನೋಡಿದರು. ಸೈರುಸಿ ಪಕ್ಕದಲ್ಲಿ ಕೂತು ಅವರೊಡನೆ ವಾದ ಮಾಡಿದ. ಕೆಲವು ಸಲ ಅವನು ಗೆದ್ದ, ಕೆಲವು ಸಲ ಅವರು. ವಿಲಿಮೈನಾ ಜನ ಕೂಡಿಸಿದಳು. ರಗ್ಬಿ ತಂಡ, ಬಂದರಿನ ಹಮಾಲರು, ನಮ್ಮ ಮಂಡಳಿಯವರು, ಪಕ್ಕದ ಬಡಾವಣೆಯವರು ಎಲ್ಲರೂ ಬರುತ್ತೇವೆಂದರು. ಹೆಜ್ಜೆಗೆ ತಾಳ ಹಾಡಿನ ಮೇಳದ್ದೇ ಎಂದು ನಿಶ್ಚಯವಾಯಿತು.

ಆ ದಿನ ಸುವಾದ ಮಳೆ ತನ್ನ ಮಾತು ಉಳಿಸಿಕೊಂಡು ಬೆಳಿಗ್ಗೆಯೇ ಬಂತು, ಒಂದಿಷ್ಟು ಹೊತ್ತು ಸುರಿದು ನಿಂತಿತು. ಮನೆಯೊಳಗಿನ ಪಾತ್ರೆ, ಚಾಪೆ, ಮಂಚ ಎಲ್ಲ ಹೊರಗೆ ಬಂದವು. ಬುಬು ಮಕೆರೆಟಾ ಮಾತ್ರ ಬರಲಿಲ್ಲ. ಸೈರುಸಿಯ ತಾಯಿ, ಊರಿಗೆಲ್ಲ ಬುಬು, ಅಂದರೆ ಅಜ್ಜಿ. ಕಿಟಕಿಯ ಪಕ್ಕ ಕಾಲು ಚಾಚಿ ಕೂತಿದ್ದಳು.

"ಬುಬು, ಎದ್ದೇಳಮ್ಮ, ಮನೆ ಎತ್ತಬೇಕು," ಎಂದ ಇನೋಸಿ.

"ಎತ್ತಿ. ನಾನು ಬೇಡ ಅಂದ್ನಾ?"

"ನೀನು ಒಳಗಿದ್ರೆ ನಗರಸಭೆ ಒಪ್ಪಲ್ಲ."

"ನಗರಸಭೇನ ನಾನೂ ಒಪ್ಪಿಲ್ಲ. ನಡೀಲಾರದ ಕಾಲು ನಂದು. ಇಷ್ಟು ಜನ ಹೊತ್ಕೊಂಡು ಹೋಗ್ತಾ ಇರೋವಾಗ ಕೆಸರಲ್ಲಿ ನಡ್ಕೊಂಡು ಬರೋಕೆ ನಂಗೇನು ತಲೆ ಕೆಟ್ಟಿದೆಯಾ?"

ಇನೋಸಿ ಲೂಪೆಯ ಮುಖ ನೋಡಿದ. ಲೂಪೆ ಬುಬುವಿನ ಮೈಕಟ್ಟನ್ನು ಒಮ್ಮೆ ಕಣ್ಣಳತೆಯಲ್ಲಿ ತೂಗಿ, "ಮಧ್ಯದಲ್ಲಿ ಕೂರಿಸಿ, ಇಬ್ಬರು ಹುಡುಗಿಯರು ಪಕ್ಕದಲ್ಲಿರಲಿ," ಎಂದಳು. ಅವಳು ನಕ್ಕ ನಗು ಓಣಿಯ ಆ ತುದಿಗೆ ಕೇಳಿತು. ಬುಬು ಮಧ್ಯದಲ್ಲೇನೋ ಕೂತಳು, ಆದರೆ ಕಿಟಕಿ ಕಾಣುವಂತೆ.

ನಾವು ಬಿದಿರಿನ ಕೆಳಗೆ ಬಗ್ಗಿದೆವು. ನನ್ನ ಮುಂದೆ ಒಬ್ಬ ಹಮಾಲ, ಹಿಂದೆ ಸೊಲೊಮನ್ ದ್ವೀಪದ ವಿದ್ಯಾರ್ಥಿ. ವಿಲಿಮೈನಾ ಒಂದು ಎಣ್ಣೆ ಪೀಪಾಯಿ ಏರಿ ನಿಂತು ಕೈ ಎತ್ತಿದಳು. ಮೇಳದ ಗಂಡಸರ ದನಿ ನೆಲದೊಳಗಿಂದ ಎಂಬಂತೆ ಎದ್ದಿತು, ಅದರ ಮೇಲೆ ಹೆಂಗಸರ ದನಿ. ಅವಳ ಕೈ ಕೆಳಗೆ ಬಂದಾಗ ನಾವು ಎದ್ದೆವು. ಬಿದಿರು ಕಿರುಗುಟ್ಟಿತು, ತಗಡು ನಡುಗಿತು, ಮನೆ ಕಂಬ ಬಿಟ್ಟು ಮೇಲೆದ್ದಿತು. ಇನ್ನೂರು ಜನರ ಉಸಿರು ಒಂದೇ ಸಲ ಹೊರಬಂತು.

"ತಾಳ ಬಿಡಬೇಡ್ರೋ!" ಎಂದು ಕೂಗುತ್ತ ವಿಲಿಮೈನಾ ಪೀಪಾಯಿಯಿಂದ ಹಾರಿ ನಮ್ಮ ಮುಂದೆ ಹಿಂದುಹಿಂದಕ್ಕೆ ನಡೆಯತೊಡಗಿದಳು. ಹಾಡಿನ ಪ್ರತಿ ತಾಳಕ್ಕೆ ಒಂದು ಹೆಜ್ಜೆ. ಮನೆ ದೊಡ್ಡ ಆಮೆಯಂತೆ ಓಣಿ ಬಿಟ್ಟು ಮೈದಾನಕ್ಕೆ ಇಳಿಯಿತು. ಬುಬು ಕಿಟಕಿಯಿಂದ ಎಡಬಲದವರಿಗೆ ಕೈ ಬೀಸುತ್ತ, "ಎಪರಾಮಾ, ನೀನ್ಯಾಕೋ ಹೊರ್ತಾ ಇಲ್ಲ? ಮದುವೆ ಆಗ್ತೀನಿ ಅಂತ ಹಿಂದೆ ಬಿದ್ದಿದ್ಯಲ್ಲ, ಆಗ ಬಂದಿತ್ತಲ್ಲ ಶಕ್ತಿ," ಎಂದಳು. ಹೊತ್ತವರಿಗೆ ನಗು ತಡೆಯಲಾಗದೆ ಮನೆ ಗಡಗಡ ಅಲುಗಿತು. ಎಪರಾಮ ಬೆತ್ತ ಎಸೆದು ಬಂದು ಬಿದಿರು ಹಿಡಿದ.

ಮೈದಾನದ ಮಧ್ಯದಲ್ಲಿ ತೊಂದರೆ ಎದುರಾಯಿತು. ಬೆಳಗಿನ ಮಳೆಗೆ ಅಲ್ಲಿ ನೆಲ ಕೆಸರಾಗಿತ್ತು. ಎಡಗಡೆಯವರ ಕಾಲು ಮೊಣಕಾಲವರೆಗೆ ಇಳಿಯಿತು, ಮನೆ ಆ ಕಡೆ ವಾಲಿತು. ಒಳಗಿನ ಹುಡುಗಿಯರು ಬುಬುವನ್ನು ತಬ್ಬಿಕೊಂಡು ಚೀರಿದರು. ವಿಲಿಮೈನಾ ತಾಳ ಹೇಳಲು ಬಾಯಿ ತೆರೆದಳು, ದನಿ ಬರಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಮೈನಾಳಿಗೆ ದನಿ ಇಲ್ಲದ್ದನ್ನು ನಾವ್ಯಾರೂ ಅದುವರೆಗೆ ಕಂಡಿರಲಿಲ್ಲ. ಹಾಡು ತೊದಲಿತು, ಹೆಜ್ಜೆ ತಪ್ಪಿತು, ನನ್ನ ಹೆಗಲ ಮೇಲೆ ಭಾರ ಒಮ್ಮೆಗೇ ಎರಡರಷ್ಟಾಯಿತು.

ಅವಳು ನಮ್ಮ ಮುಂದೆ ಎರಡೂ ಕೈ ಚಾಚಿ ನಿಂತಳು. ಬೆವರಿನಲ್ಲಿ ನೆನೆದ ಆ ಕೈಗಳು ಹಕ್ಕಿಯ ರೆಕ್ಕೆಯಂತೆ ಮೆಲ್ಲಗೆ ಮೇಲೆ ಬಂದವು. ಮೇಳದ ಹೆಂಗಸರು ಅದನ್ನು ಹಿಡಿದರು. ಮೊದಲು ನಾಲ್ಕೈದು ದನಿ, ಆಮೇಲೆ ಎಲ್ಲ. ಹಾಡು ಗೊತ್ತಿಲ್ಲದ ನಾನೂ ಏನೋ ಒಂದು ಹಾಡಿದೆ. ಇನೋಸಿ ಕಚೇರಿಯ ಹೊಳೆಯುವ ಬೂಟುಗಳ ಸಮೇತ ಕೆಸರಿಗಿಳಿದು ಎಡಗಡೆಯ ಮೂಲೆಗೆ ಹೆಗಲು ಕೊಟ್ಟ. ಲೂಪೆ ಅವನ ಪಕ್ಕಕ್ಕೆ ಬಂದಳು. ಮೈದಾನದ ಅಂಚಿನಲ್ಲಿ ನೋಡುತ್ತ ನಿಂತಿದ್ದ ಪಕ್ಕದ ಬಡಾವಣೆಯ ಆಟಗಾರರು ದಡದಡನೆ ಓಡಿ ಬಂದರು. ವಿಲಿಮೈನಾಳ ಕೈ ಕೆಳಗೆ ಬಂತು. ನಾವು ಒಟ್ಟಿಗೆ ಕಾಲು ಕಿತ್ತೆವು. ಮನೆ ನೆಟ್ಟಗಾಯಿತು.

ಅಲ್ಲಿಂದ ಯಾರೂ ನಡೆಯಲಿಲ್ಲ, ಹೆಚ್ಚು ಕಡಿಮೆ ಓಡಿದರು. ಲೂಪೆ "ನಿಧಾನ, ನಿಧಾನ" ಎಂದು ಅರಚುತ್ತಿದ್ದಳು, ತಾನೂ ಓಡುತ್ತಿದ್ದಳು. ಹೊಸ ಕಂಬಗಳ ಮೇಲೆ ಮನೆ ಕೂತಾಗ ಸೈರುಸಿ ನೆಲದ ಮೇಲೆ ಮಲಗಿ ಪ್ರತಿಯೊಂದು ಕೂಡಿಕೆಯನ್ನೂ ಮುಟ್ಟಿ ನೋಡಿದ. ಎದ್ದು ಬಂದು, ಊರೆಲ್ಲ ನೋಡುತ್ತಿರುವಂತೆ, ಹೆಂಡತಿಯನ್ನು ಸೊಂಟ ಹಿಡಿದು ಎತ್ತಿ ಮೆಟ್ಟಿಲ ಮೇಲೆ ನಿಲ್ಲಿಸಿದ. "ಇಷ್ಟು ವರ್ಷದಲ್ಲಿ ಇವತ್ತೊಂದು ದಿನ ಇವಳು ಸುಮ್ಮನಿದ್ದಾಳೆ," ಎಂದ. "ನಾನು ಹೇಳಬೇಕಾದದ್ದನ್ನೆಲ್ಲ ಈಗಲೇ ಹೇಳ್ಬಿಡ್ತೀನಿ." ಆದರೆ ಹೇಳುವ ಬದಲು ಅವಳ ಕೆನ್ನೆಯ ಕೆಸರು ಒರೆಸಿದ. ಹೆಂಗಸರು ನೆಲದೊಲೆ ತೆರೆದರು. ಬಿಸಿ ಕಲ್ಲುಗಳ ಮೇಲೆ ಬೆಂದ ಗೆಡ್ಡೆ, ಮೀನು, ಕೋಳಿ, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು. ನನ್ನ ಹೆಂಡತಿ ಮಂಡಳಿಯ ಹೆಂಗಸರೊಡನೆ ರೊಟ್ಟಿ, ಕುಂಬಳದ ಪಲ್ಯ ತಂದಿದ್ದಳು. ಯಾರ ತಟ್ಟೆಯಲ್ಲಿ ಯಾರದಿತ್ತೋ.

ದಾರಿ ಆಗಲು ಆಮೇಲೂ ಕೆಲವು ತಿಂಗಳು ಹಿಡಿಯಿತು. ಕಲ್ಲು ಸುರಿದರು, ಒತ್ತಿದರು, ಪಕ್ಕದಲ್ಲಿ ಚರಂಡಿ ತೆಗೆದರು. ಮುಗಿದ ವಾರ ಅಗ್ನಿಶಾಮಕ ದಳದವರು ಪರೀಕ್ಷೆಗೆಂದು ಬಂದರು. ಕೆಂಪು ಗಾಡಿ ದೊಡ್ಡ ರಸ್ತೆಯಿಂದ ತಿರುಗಿ ನಂದೋಂಗೊದೊಳಕ್ಕೆ ಮೂತಿ ಹಾಕಿತು. ಅದು ಒಳಗೆ ಬಂತು, ಬರುತ್ತಲೇ ಇತ್ತು. ಸುಟ್ಟ ಮನೆಗಳು ಮತ್ತೆ ಎದ್ದಿದ್ದ ಜಾಗ ದಾಟಿತು, ತುದಿಯಲ್ಲಿ ಆರಾಮಾಗಿ ತಿರುಗಿತು, ಕೊಳವೆಯಿಂದ ಆಕಾಶಕ್ಕೆ ನೀರು ಚಿಮ್ಮಿಸಿತು. ಆಗ ಎದ್ದ ಕೂಗು ಬಂದರಿನವರೆಗೂ ಕೇಳಿಸಿತಂತೆ. ವಿಲಿಮೈನಾ ಆ ನೀರಿನ ಕೆಳಗೆ ನಿಂತು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಈಗ ನಿನ್ನ ಕೆಲಸ ಮುಗೀತು ಮೈನಾ, ಸೊಪ್ಪು ಮಾರೋಕೆ ಹೋಗು," ಎಂದ ಇನೋಸಿ.

"ನೀನು ಬೂಟು ತೊಳ್ಕೋ ಹೋಗು ಭಾವ. ನನ್ನ ಕೆಲಸ ಈಗ ಶುರು."

ಅವಳು ಹೇಳಿದಂತೆಯೇ ಆಯಿತು. ಊರಿನ ಇತರ ಬಡಾವಣೆಗಳವರು ನಗರಸಭೆಯ ಬಾಗಿಲಿಗೆ ಬರತೊಡಗಿದರು. ನಮ್ಮಲ್ಲಿಗೂ ನಕ್ಷೆಯವರನ್ನು ಕಳಿಸಿ, ಆದರೆ ಮೈನಾ ಜೊತೆಗಿರಬೇಕು ಎಂದರು. ನಗರಸಭೆ ಅವಳಿಗೊಂದು ಖಾಯಂ ಕೆಲಸವನ್ನೇ ಕೊಟ್ಟಿತು. ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳು ಈಗ ಮೊದಲ ದಿನವೇ ಅವಳ ಹಿಂದೆ ಓಣಿ ಸುತ್ತುತ್ತಾರೆ. ಎಪರಾಮ ಅವರಿಗೆ ಟೇಪು ಹಿಡಿಯುವುದು ಹೇಗೆಂದು ಪಾಠ ಹೇಳುತ್ತಾನೆ. ಸೈರುಸಿಗೆ ಹೊಸ ಜಾಗದ ಗಾಳಿ ಹಿಡಿಸಿದೆ, ಒಪ್ಪಿಕೊಳ್ಳುವುದು ಮಾತ್ರ ಕಷ್ಟ.

ಇವತ್ತು ಬೆಳಿಗ್ಗೆ ಹೊಳೆಯ ಬಾಯಿಯ ಹತ್ತಿರದ ಬಡಾವಣೆಗೆ ಅವಳನ್ನು ಬಿಟ್ಟು ಬಂದೆ. ಅಲ್ಲಿ ಮಳೆನೀರು ಎಲ್ಲಿ ಹರಿಯಬೇಕೆಂದು ಎರಡು ಓಣಿಗಳ ನಡುವೆ ಮಾತೇ ನಿಂತುಹೋಗಿದೆಯಂತೆ. ದೂರದಿಂದಲೇ ಕಾಣಿಸಿತು, ಜನ ಎರಡು ಗುಂಪಾಗಿ ಕೈಕಟ್ಟಿ ನಿಂತಿದ್ದರು. ಲೂಪೆ ಮಧ್ಯದಲ್ಲಿದ್ದಳು. ನಾನು ಟ್ಯಾಕ್ಸಿ ಪೂರ್ತಿ ನಿಲ್ಲಿಸುವ ಮೊದಲೇ ವಿಲಿಮೈನಾ ಬಾಗಿಲು ತೆರೆದು ಇಳಿದು, ಎರಡೂ ಗುಂಪಿಗೆ ಒಟ್ಟಿಗೇ ಏನೋ ಕೂಗುತ್ತ ಓಡಿದಳು.